ಕಾಸಿನ ಸರವೂ ರೋಮಕ ಸುವರ್ಣವೂ

ಕಡೂರು, ತರೀಕೆರೆ, ಅಜ್ಜಂಪುರಗಳ ಹಳೆಯ ಮನೆಗಳಲ್ಲಿ ಕಾಸಿನ ಸರವು ಅಪೂರ್ವವಾದ ಒಡವೆಯಲ್ಲ. ಆದರೆ ಸವೆದ ಕಾಸನ್ನು ಅಕ್ಕಸಾಲೆಯ ಮೂಸೆಗೆ ಒಪ್ಪಿಸುವ ಮುನ್ನ ಅದರ ಮೇಲಿನ ಅಕ್ಷರಗಳನ್ನು ಪರೀಕ್ಷಿಸುವವರು ವಿರಳ. ಕರಗಿದ ಬಳಿಕ ಉಳಿಯುವುದು ತೂಕವೊಂದೇ.

ಹಾನಗಲ್ಲು ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ದೊರೆತ ಸುವರ್ಣನಿಧಿಯು ಈ ಎಚ್ಚರಿಕೆಯ ಪ್ರಯೋಜನವನ್ನು ತೋರಿಸಿಕೊಟ್ಟಿದೆ. ಕದಂಬರ ಬನವಾಸಿಯ ಸೀಮೆಗೆ ಸೇರಿದ ಆ ಊರಿನಲ್ಲಿ ಎರಡನೆಯ ಥಿಯೊಡೋಸಿಯಸ್ (408–450) ಮೊದಲ್ಗೊಂಡು ಒಂದನೆಯ ಜಸ್ಟಿನ್ (518–527) ವರೆಗಿನ ಚಕ್ರವರ್ತಿಗಳ ನಾಣ್ಯಗಳೂ ಅವುಗಳ ಅನುಕೃತಿಗಳೂ ದೊರೆತವು.

ಈ ನಾಣ್ಯಕ್ಕೆ ಸಾಲಿಡಸ್ ಎಂದು ಹೆಸರು. ಒಂದು ರೋಮಕ ಪೌಂಡು ಚಿನ್ನಕ್ಕೆ 72ರಂತೆ ಕಾನ್‌ಸ್ಟಂಟೈನನು ಇದನ್ನು ಹೊಡೆಯಿಸಿದನು. ತೂಕ ಸುಮಾರು 4½ ಗ್ರಾಂ. ಐದನೆಯ ಶತಮಾನದ ಪೂರ್ವರೋಮಕ ನಾಣ್ಯಗಳಲ್ಲಿ ಚಕ್ರವರ್ತಿಯು ಸಾಮಾನ್ಯವಾಗಿ ಶಿರಸ್ತ್ರಾಣ ಧರಿಸಿ, ಈಟಿಯನ್ನು ಹೆಗಲಿಗೊರಗಿಸಿ, ಬಹುಮಟ್ಟಿಗೆ ನಮ್ಮನ್ನೇ ನೋಡುತ್ತಾನೆ. ಆರಂಭದ ಡಿ, ಎನ್ ಎಂಬ ಲ್ಯಾಟಿನ್ ಅಕ್ಷರಗಳು ‘ನಮ್ಮ ಪ್ರಭು’ ಎಂಬುದರ ಸಂಕ್ಷೇಪ. ಹೆಸರು ಅವುಗಳ ಬೆನ್ನಿಗೇ ಬರುತ್ತದೆ. ಹಿಂಬದಿಯ ಅಡಿಯಲ್ಲಿರುವ ‘ಕಾನೋಬ್’ ಎಂಬುದರಲ್ಲಿ ‘ಕಾನ್’ ಕಾನ್‌ಸ್ಟಾಂಟಿನೋಪಲ್ ನಗರವನ್ನೂ ‘ಓಬ್’ ಪುಟವಿಟ್ಟ ಚಿನ್ನವನ್ನೂ ಸೂಚಿಸುತ್ತವೆ. ಅನುಕೃತಿಯಲ್ಲಾದರೋ ಅಕ್ಷರಗಳು ಬರಿಯ ಗೀರುಗಳಾಗಿರುತ್ತವೆ. ಲಿಪಿಯರಿಯದ ಕುಶಲಿಯ ಕೈ ಅಲ್ಲಿ ಬಯಲಾಗುತ್ತದೆ. ಅದೂ ಕರಗಿಸತಕ್ಕುದಲ್ಲ.

ಅಮರಕೋಶದ ನಾನಾರ್ಥವರ್ಗವು ‘ನಿಷ್ಕ’ ಶಬ್ದಕ್ಕೆ ಎದೆಯ ಆಭರಣವೆಂದೂ ದೀನಾರವೆಂದೂ ಅರ್ಥ ಹೇಳುತ್ತದೆ. ದೀನಾರವೆಂಬುದು ರೋಮಕರ ‘ದೆನಾರಿಯಸ್’ ಶಬ್ದದಿಂದ ಬಂದುದು. ಕೋಶಕಾರನ ಈ ಎರಡರ್ಥಗಳು ಲೋಹದಲ್ಲಿಯೂ ಒಂದಾಗಿರುವುದುಂಟು: ಭಾರತದಲ್ಲಿ ದೊರೆತ ಹಲವು ರೋಮಕ ಸುವರ್ಣನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಗಡೆ ಎರಡು ರಂಧ್ರಗಳಿವೆ, ಕೊರಳಲ್ಲಿ ತೂಗಿದಾಗ ಅವನ ಮುಖವು ನೆಟ್ಟಗೆ ನಿಲ್ಲುವಂತೆ.