ಹೋಮಿಯೋಪಥಿ ಮತ್ತು ಮೂಲಿಕಾ ವೈದ್ಯ: ವ್ಯತ್ಯಾಸ

ಹೋಮಿಯೋಪಥಿ ಮತ್ತು ಮೂಲಿಕಾ ವೈದ್ಯ ಎರಡು ಬೇರೆ ಬೇರೆ ಚಿಕಿತ್ಸಾ ಪದ್ಧತಿಗಳು. ಬೇರು, ತೊಗಟೆ, ಎಲೆ, ಬೀಜಗಳಲ್ಲಿರುವ ರಾಸಾಯನಿಕಗಳನ್ನು ದೇಹದ ಮೇಲೆ ಪರಿಣಾಮ ಬೀರುವಷ್ಟು ಪ್ರಮಾಣದಲ್ಲಿ ಕಷಾಯ, ಚೂರ್ಣ, ಲೇಹ, ಅರಿಷ್ಟ ಮುಂತಾದ ರೂಪಗಳಲ್ಲಿ ಕೊಡುವುದು ಮೂಲಿಕಾ ವೈದ್ಯ. ಆರೋಗ್ಯವಂತರಲ್ಲಿ ಒಂದು ಲಕ್ಷಣವನ್ನು ಹುಟ್ಟಿಸುವ ವಸ್ತುವನ್ನೇ ಅತಿಯಾಗಿ ತೆಳುಮಾಡಿ, ಅಂಥದೇ ಲಕ್ಷಣವುಳ್ಳ ರೋಗಿಗೆ ಕೊಡುವುದು ಹೋಮಿಯೋಪಥಿ. ಹೋಮಿಯೋಪಥಿಯ ಹಲವು ಸೀಸೆಗಳ ಮೇಲೆ ಸಸ್ಯಗಳ ಹೆಸರಿರುತ್ತದೆ. ಭಾರತದಲ್ಲಿ ಅದೂ ಆಯುರ್ವೇದವೂ ಆಯುಷ್ ಸಚಿವಾಲಯದ ಅಡಿಯಲ್ಲೇ ಬರುತ್ತವೆ. ಎರಡಕ್ಕೂ ‘ಅಡ್ಡಪರಿಣಾಮವಿಲ್ಲದ ಔಷಧ’ ಎಂಬ ಹೆಸರಿದೆ. ಈ ಕಾರಣಗಳಿಂದ ಎರಡೂ ಒಂದೇ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಇವೆರಡನ್ನು ಬೇರ್ಪಡಿಸುವ ಗೆರೆ ಔಷಧದ ಮೂಲದಲ್ಲಿಲ್ಲ, ಪ್ರಮಾಣದಲ್ಲಿದೆ. ಒಂದರಲ್ಲಿ ವಸ್ತುವೇ ಔಷಧ. ಇನ್ನೊಂದರಲ್ಲಿ ಬಹುಪಾಲು ಸಂದರ್ಭಗಳಲ್ಲಿ ಆ ವಸ್ತು ಉಳಿದೇ ಇರುವುದಿಲ್ಲ. ಆದ್ದರಿಂದ ಎರಡರ ಬಗ್ಗೆ ಕೇಳಬೇಕಾದ ಪ್ರಶ್ನೆಗಳೂ ಎರಡರ ಅಪಾಯಗಳೂ ಬೇರೆ.

ಎರಡರ ದಾರಿ ಕವಲೊಡೆದದ್ದನ್ನು ಸಿಂಕೋನಾ ಮರದ ತೊಗಟೆಯ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬಹುದು. ದಕ್ಷಿಣ ಅಮೆರಿಕದಿಂದ ಯೂರೋಪಿಗೆ ಬಂದ ಈ ತೊಗಟೆ ಮಲೇರಿಯಾಕ್ಕೆ ಮದ್ದಾಗಿತ್ತು. ಜರ್ಮನಿಯ ಮೈಸೆನ್ನಿನಲ್ಲಿ 1755ರಲ್ಲಿ ಹುಟ್ಟಿದ ವೈದ್ಯ ಸ್ಯಾಮ್ಯುಯೆಲ್ ಹಾನೆಮನ್ 1790ರಲ್ಲಿ ವಿಲಿಯಂ ಕಲೆನ್ ಅವರ ಔಷಧಗ್ರಂಥವನ್ನು ಅನುವಾದಿಸುವಾಗ ಆ ತೊಗಟೆಯನ್ನು ತಾವೇ ಸೇವಿಸಿ ನೋಡಿದರು. ಮಲೇರಿಯಾ ಜ್ವರವನ್ನು ಹೋಲುವ ಲಕ್ಷಣಗಳು ಕಾಣಿಸಿಕೊಂಡವೆಂದು ಬರೆದರು. ಸಮಾನದಿಂದಲೇ ಸಮಾನ ಶಮನವಾಗುತ್ತದೆ ಎಂಬ ಸೂತ್ರ ಇದರಿಂದ ಬೆಳೆಯಿತು. 1796ರ ಪ್ರಬಂಧದಲ್ಲಿ ಅದನ್ನು ಮಂಡಿಸಿ, 1810ರ ‘ಆರ್ಗನಾನ್’ ಗ್ರಂಥದಲ್ಲಿ ಪೂರ್ಣ ಪದ್ಧತಿಯಾಗಿ ವಿಸ್ತರಿಸಿದರು. 1820ರಲ್ಲಿ ಫ್ರಾನ್ಸಿನ ಪೆಲ್ಟಿಯೇ ಮತ್ತು ಕಾವೆಂಟೂ ಅದೇ ತೊಗಟೆಯಿಂದ ಕ್ವಿನೈನನ್ನು ಬೇರ್ಪಡಿಸಿದರು. ಗುಣ ಕೊಡುವ ಅಂಶ ಯಾವುದು, ಅದು ಎಷ್ಟಿರಬೇಕು ಎಂಬುದನ್ನು ಇನ್ನು ತೂಗಿ ಅಳೆಯಬಹುದಾಯಿತು. ಹಾನೆಮನ್ ಲಕ್ಷಣಗಳ ಹೋಲಿಕೆಯನ್ನು ಹಿಡಿದು ಹೊರಟರು. ಮೂಲಿಕೆಯ ಅಧ್ಯಯನ ವಸ್ತುವನ್ನು ಹಿಡಿದು ಹೊರಟಿತು.

ತಯಾರಿಕೆಯ ಭೇದವನ್ನು ತಿಳಿಯಲು ಕರ್ನಾಟಕದ ಕಾಡುಗಳಲ್ಲೂ ಬೆಳೆಯುವ ಕಾಸರಕ ಒಳ್ಳೆಯ ನಿದರ್ಶನ. ಇದರ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ಉಗ್ರ ವಿಷವಿದೆ. ಆಯುರ್ವೇದ ಇದನ್ನು ಶೋಧನೆ (ಶುದ್ಧೀಕರಣ) ಮಾಡಿದ ಮೇಲಷ್ಟೇ, ಅತ್ಯಲ್ಪ ಪ್ರಮಾಣದಲ್ಲಿ ಬಳಸುತ್ತದೆ. ಭಾರತದ ಔಷಧ ನಿಯಮಗಳು ಇದನ್ನು ವಿಷದ್ರವ್ಯಗಳ ಪಟ್ಟಿಗೆ ಸೇರಿಸಿ, ಇದಿರುವ ಆಯುರ್ವೇದ ಔಷಧಗಳ ಮೇಲೆ ಎಚ್ಚರಿಕೆ ಮುದ್ರಿಸಬೇಕೆಂದು ವಿಧಿಸಿವೆ. ಶೋಧನೆಯಾದರೂ ವಸ್ತು ಉಳಿದಿರುತ್ತದೆ, ತೂಕ ತಪ್ಪಿದರೆ ಪ್ರಾಣಕ್ಕೆ ಕುತ್ತು ಎಂಬ ಅರಿವು ಇದರ ಹಿಂದಿದೆ. ಹೋಮಿಯೋಪಥಿಯಲ್ಲಿ ಇದೇ ಬೀಜದಿಂದ ‘ನಕ್ಸ್ ವಾಮಿಕಾ’ ತಯಾರಾಗುತ್ತದೆ. ಬೀಜವನ್ನು ಮದ್ಯಸಾರದಲ್ಲಿ ನೆನೆಸಿ ಮದರ್ ಟಿಂಕ್ಚರ್ ತೆಗೆಯುತ್ತಾರೆ. ಅದರ ಒಂದು ಪಾಲನ್ನು 99 ಪಾಲು ಮದ್ಯಸಾರದಲ್ಲಿ ಬೆರೆಸಿ ಬಲವಾಗಿ ಕುಲುಕಿದರೆ 1ಸಿ. ಅದರಿಂದ ಒಂದು ಪಾಲು ತೆಗೆದು ಮತ್ತೆ ಹಾಗೆಯೇ ಮಾಡಿದರೆ 2ಸಿ. 12ಸಿ ಹಂತಕ್ಕೆ ಬರುವಾಗ ಮೂಲವಸ್ತು 1ರ ಮುಂದೆ 24 ಸೊನ್ನೆಗಳಷ್ಟು ಪಾಲು ತೆಳುವಾಗಿರುತ್ತದೆ. ಒಂದು ಮೋಲ್ ವಸ್ತುವಿನಲ್ಲಿರುವ ಅಣುಗಳ ಸಂಖ್ಯೆ ಸುಮಾರು 6ರ ಮುಂದೆ 23 ಸೊನ್ನೆ. ಹಾಗಾಗಿ 12ಸಿ ದಾಟಿದ ಮೇಲೆ ಮೂಲವಸ್ತುವಿನ ಒಂದು ಅಣುವಾದರೂ ಸೀಸೆಯಲ್ಲಿ ಇರುವ ಸಂಭವ ಕಡಿಮೆಯಾಗುತ್ತ ಹೋಗುತ್ತದೆ. ಸಾಮಾನ್ಯ ಬಳಕೆಯ 30ಸಿ ಮತ್ತು 200ಸಿ ಪೊಟೆನ್ಸಿಗಳಲ್ಲಿ, ಅಂದರೆ ತೆಳುಮಾಡಿದ ಹಂತಗಳಲ್ಲಿ, ಅದು ಇಲ್ಲವೆನ್ನುವಷ್ಟು ಕ್ಷೀಣ. ತೆಳುವಾದಷ್ಟೂ ಶಕ್ತಿ ಹೆಚ್ಚುತ್ತದೆ ಎಂಬುದು ಹೋಮಿಯೋಪಥಿಯ ನಂಬಿಕೆ. ಪ್ರಮಾಣ ತಗ್ಗಿದಂತೆ ಪರಿಣಾಮವೂ ತಗ್ಗುತ್ತದೆ ಎಂಬುದು ಮೂಲಿಕೆಯೂ ಸೇರಿದಂತೆ ಎಲ್ಲ ಔಷಧಗಳ ಸಾಮಾನ್ಯ ಅನುಭವ. ಇದಲ್ಲದೆ ಹೋಮಿಯೋಪಥಿ ಸಸ್ಯಗಳಿಗೆ ಸೀಮಿತವೂ ಅಲ್ಲ: ನೇಟ್ರಮ್ ಮ್ಯೂರ್ ಅಡುಗೆ ಉಪ್ಪಿನಿಂದ, ಲ್ಯಾಕೆಸಿಸ್ ಹಾವಿನ ವಿಷದಿಂದ, ಏಪಿಸ್ ಜೇನುನೊಣದಿಂದ ಬರುತ್ತವೆ.

ಪುರಾವೆಯ ಮಾತಿಗೆ ಬಂದರೆ ಅಂತರ ಇನ್ನೂ ಹಿಗ್ಗುತ್ತದೆ. ಮೂಲಿಕೆಗಳ ಬಗೆಗಿನ ಹೇಳಿಕೆಗಳಲ್ಲಿ ಕೆಲವು ನಿಜವಾಗಿವೆ, ಹಲವು ಸುಳ್ಳಾಗಿವೆ, ಬಹಳಷ್ಟು ಇನ್ನೂ ಪರೀಕ್ಷೆಗೆ ಕಾದಿವೆ. ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಪ್ರಕಟಿಸಿದರು. 1952ರಲ್ಲಿ ಅದರಿಂದ ರೆಸರ್ಪಿನ್ ಬೇರ್ಪಟ್ಟಿತು. ಚೀನಾದ ತು ಯೂಯೂ ಪ್ರಾಚೀನ ಗ್ರಂಥವೊಂದರ ಸುಳಿವು ಹಿಡಿದು, ಬಿಸಿ ತಾಗದಂತೆ ಸಾರ ತೆಗೆದು ಆರ್ಟಿಮಿಸಿನಿನ್ನನ್ನು ಕಂಡುಕೊಂಡರು, 2015ರಲ್ಲಿ ನೊಬೆಲ್ ಪಡೆದರು. ನಿತ್ಯಪುಷ್ಪದ ಗಿಡ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧವನ್ನು ಕೊಟ್ಟಿದೆ. ಹೋಮಿಯೋಪಥಿಗೆ ಎರಡು ಶತಮಾನಗಳಾದರೂ ಇಂಥ ಒಂದು ಖಚಿತ ಫಲ ಸಿಕ್ಕಿಲ್ಲ. 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಹೋಮಿಯೋಪಥಿಯ 110 ಪ್ರಯೋಗಗಳನ್ನು ಆಧುನಿಕ ವೈದ್ಯದ 110 ಪ್ರಯೋಗಗಳೊಂದಿಗೆ ಹೋಲಿಸಿತು. ದೊಡ್ಡದಾದ, ಕಟ್ಟುನಿಟ್ಟಿನ ಪ್ರಯೋಗಗಳಲ್ಲಿ ಹೋಮಿಯೋಪಥಿಯ ಫಲ ಹುಸಿಗುಳಿಗೆಯ ಫಲಕ್ಕೆ ಸಮನಾಗಿತ್ತು. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಯೂ 2015ರಲ್ಲಿ, ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆ ಇರುವ ಕಾಯಿಲೆ ಒಂದೂ ಇಲ್ಲವೆಂದು ತೀರ್ಮಾನಿಸಿತು.

ಇದಕ್ಕೆ ಬರುವ ಆಕ್ಷೇಪಗಳನ್ನು ಗಂಭೀರವಾಗಿ ಪರಿಶೀಲಿಸಬೇಕು. ಲಸಿಕೆಯಲ್ಲೂ ಅಲ್ಪ ಪ್ರಮಾಣವೇ ಕೆಲಸ ಮಾಡುವುದಿಲ್ಲವೇ ಎಂಬುದು ಮೊದಲನೆಯದು. ಲಸಿಕೆಯಲ್ಲಿರುವ ದ್ರವ್ಯವನ್ನು ಅಳೆಯಬಹುದು, ಅದರಿಂದ ಹುಟ್ಟುವ ಪ್ರತಿಕಾಯಗಳನ್ನು ರಕ್ತದಲ್ಲಿ ಎಣಿಸಬಹುದು. 30ಸಿ ಗುಳಿಗೆಯಲ್ಲಿ ಅಳೆಯಲು ಏನೂ ಉಳಿದಿಲ್ಲ. 2010ರಲ್ಲಿ ಐಐಟಿ ಬಾಂಬೆಯ ಸಂಶೋಧಕರು ಲೋಹಮೂಲದ ಔಷಧಗಳ ಅಧಿಕ ಪೊಟೆನ್ಸಿಗಳಲ್ಲೂ ಲೋಹದ ನ್ಯಾನೋಕಣಗಳು ಸಿಕ್ಕವೆಂದು ವರದಿ ಮಾಡಿದ್ದುಂಟು. ಆದರೆ ಕಣ ಇರುವುದು ಬೇರೆ, ಅದು ರೋಗ ವಾಸಿಮಾಡುವುದು ಬೇರೆ. ಎರಡನೆಯದನ್ನು ರೋಗಿಗಳ ಮೇಲಿನ ಪ್ರಯೋಗವೇ ತೋರಿಸಬೇಕು. ಪ್ರತಿ ರೋಗಿಗೂ ಬೇರೆ ಔಷಧ ಆರಿಸುವ ಪದ್ಧತಿಯನ್ನು ಸಾಮೂಹಿಕ ಪ್ರಯೋಗದಿಂದ ಅಳೆಯಲಾಗದು ಎಂಬ ವಾದವೂ ಇದೆ. ಹೋಮಿಯೋಪಥಿ ವೈದ್ಯರೇ ಔಷಧ ಆರಿಸಲಿ, ಆಮೇಲೆ ಅರ್ಧ ಜನಕ್ಕೆ ಆ ಔಷಧವನ್ನೂ ಉಳಿದವರಿಗೆ ಬರಿಯ ಸಕ್ಕರೆ ಗುಳಿಗೆಯನ್ನೂ ಯಾರಿಗೂ ತಿಳಿಯದಂತೆ ಹಂಚಿದರೆ ಈ ತೊಡಕು ಬಗೆಹರಿಯುತ್ತದೆ. ಅಂಥ ಪ್ರಯೋಗಗಳೂ ನಡೆದಿವೆ. ಹಾಗಾದರೆ ಜನ ಗುಣಮುಖರಾಗುವುದು ಹೇಗೆ? ನೆಗಡಿ ತಾನಾಗಿ ಇಳಿಯುತ್ತದೆ, ಅಲರ್ಜಿ, ಮೈಗ್ರೇನ್‌ಗಳು ಏರಿ ಇಳಿಯುವ ಸ್ವಭಾವದವು, ಸಾವಧಾನವಾಗಿ ಮಾತು ಕೇಳುವ ವೈದ್ಯರಿಂದ ರೋಗಿಗೆ ನೆಮ್ಮದಿ ಸಿಗುತ್ತದೆ. ಆ ನೆಮ್ಮದಿ ಸುಳ್ಳಲ್ಲ. ಅದನ್ನು ಗುಳಿಗೆಯ ಗುಣವೆಂದು ಲೆಕ್ಕ ಹಾಕುವುದು ತಪ್ಪು.

ಸಸ್ಯಜನ್ಯವೆಂದರೆ ನಿರಪಾಯ ಎಂಬ ನಂಬಿಕೆಯೂ ಅಷ್ಟೇ ತಪ್ಪು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಕೊಟ್ಟ ಮೂಲಿಕಾ ಮಿಶ್ರಣದಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದ್ದು, ಅನೇಕ ಮಹಿಳೆಯರ ಮೂತ್ರಪಿಂಡಗಳು ಕೆಟ್ಟವು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ತೊಂದರೆ ಕಂಡುಬಂದದ್ದನ್ನು ಭಾರತದ ವೈದ್ಯರು ವರದಿ ಮಾಡಿದ್ದಾರೆ. ಗುಣ ಮಾಡುವ ಶಕ್ತಿಯುಳ್ಳ ವಸ್ತುವಿಗೆ ಕೇಡು ಮಾಡುವ ಶಕ್ತಿಯೂ ಇರುತ್ತದೆ. ಹೋಮಿಯೋಪಥಿಯ ಅಧಿಕ ಪೊಟೆನ್ಸಿಗಳಿಗೆ ಇಂಥ ನೇರ ಅಪಾಯವಿಲ್ಲ. ಆದರೆ ಮದರ್ ಟಿಂಕ್ಚರ್ ಮತ್ತು ಕೆಳಗಿನ ಪೊಟೆನ್ಸಿಗಳಲ್ಲಿ ವಸ್ತು ಇದ್ದೇ ಇರುತ್ತದೆ. ಅವನ್ನು ಮೂಲಿಕೆಯಷ್ಟೇ ಎಚ್ಚರದಿಂದ ನೋಡಬೇಕು. ಹಲ್ಲು ಹುಟ್ಟುವ ಶಿಶುಗಳಿಗೆ ಮಾರುತ್ತಿದ್ದ ಕೆಲವು ಹೋಮಿಯೋಪಥಿ ಮಾತ್ರೆಗಳಲ್ಲಿ ಬೆಲಡೋನಾದ ಅಂಶ ಏರುಪೇರಾಗಿದ್ದುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಖಚಿತಪಡಿಸಿತು. ಹೋಮಿಯೋಪಥಿಯ ದೊಡ್ಡ ಅಪಾಯ ಕಾಲಹರಣ: ಕ್ಷಯ, ಮಧುಮೇಹ, ಕ್ಯಾನ್ಸರಿನಂಥ ಕಾಯಿಲೆಗಳಲ್ಲಿ ಕಳೆದುಹೋದ ತಿಂಗಳುಗಳು ಮರಳಿ ಸಿಗವು.

ಕರ್ನಾಟಕದಲ್ಲಿ ಎರಡಕ್ಕೂ ಗಟ್ಟಿ ನೆಲೆಯಿದೆ. ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪಥಿ ಔಷಧಾಲಯ ತೆರೆದರು. ಮುಂದೆ ಅದು ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ನಾಟಿ ವೈದ್ಯರ ಪರಂಪರೆ ಅದಕ್ಕಿಂತ ಬಹಳ ಹಳೆಯದು. ಈ ಸೇವೆಯ ಚರಿತ್ರೆಗೆ ಗೌರವ ಸಲ್ಲಬೇಕು, ಆದರೆ ಗೌರವ ಪುರಾವೆಯಾಗದು. ಮೂಲಿಕಾ ಔಷಧ ಕೊಳ್ಳುವವರು ಅದರಲ್ಲಿ ಏನಿದೆ, ಎಷ್ಟಿದೆ, ಈಗಾಗಲೇ ನುಂಗುತ್ತಿರುವ ಮಾತ್ರೆಗಳೊಂದಿಗೆ ಹೊಂದುತ್ತದೆಯೇ ಎಂದು ಕೇಳಬೇಕು, ಸೇವಿಸುತ್ತಿರುವುದನ್ನು ತಮ್ಮ ವೈದ್ಯರಿಗೆ ತಿಳಿಸಬೇಕು. ಹೋಮಿಯೋಪಥಿ ಔಷಧ ಕೊಳ್ಳುವವರು ಸೀಸೆಯ ಮೇಲಿನ ಪೊಟೆನ್ಸಿಯನ್ನು ಓದಬೇಕು, ಗಂಭೀರ ಕಾಯಿಲೆಯಲ್ಲಿ ಅದೊಂದನ್ನೇ ನೆಚ್ಚಿ ಕೂರಬಾರದು.