ಕಡಿತ ಮತ್ತು ಕುಟುಕಿಗೆ ನಾಟಿ ಗಿಡಮೂಲಿಕೆಗಳು: ಬಳಕೆ ಮತ್ತು ಮಿತಿ

ಹೊಲಗದ್ದೆಗಳಲ್ಲಿ ದುಡಿಯುವವರಿಗೆ ಜೇನುನೊಣ, ಕಣಜ, ಚೇಳು ಹಾಗೂ ಹಾವುಗಳ ಭಯ ತಪ್ಪಿದ್ದಲ್ಲ. ಇವುಗಳ ಕಡಿತಕ್ಕೆ ಬದುವಿನ ಗಿಡಮೂಲಿಕೆಗಳನ್ನು ಬಳಸುವ ರೂಢಿ ತಲೆಮಾರುಗಳಿಂದ ಬಂದಿದೆ. ಮೂಲಿಕೆ ಎಲ್ಲಿ ಸಾಕು, ಎಲ್ಲಿ ಸಾಲದು ಎಂಬ ತಿಳಿವಳಿಕೆಯು ಜೀವ ಉಳಿಸಬಲ್ಲದು.

ಜೇನುನೊಣ ಮತ್ತು ಕಣಜ

ಜೇನುನೊಣದ ಮುಳ್ಳು ಚರ್ಮದಲ್ಲಿಯೇ ಉಳಿದು ವಿಷ ಒಸರುತ್ತಿರುವುದರಿಂದ ಅದನ್ನು ಕೂಡಲೇ ಉಗುರಿನಿಂದ ಕೆರೆದು ತೆಗೆಯಬೇಕು. ಕಣಜವು ಸಾಮಾನ್ಯವಾಗಿ ಮುಳ್ಳನ್ನು ಬಿಡುವುದಿಲ್ಲ. ಸೋಪಿನ ನೀರಿನಿಂದ ತೊಳೆದು, ತಣ್ಣೀರಿನ ಬಟ್ಟೆ ಇಟ್ಟ ನಂತರ ಲೋಳೆಸರದ ತಿರುಳು ಅಥವಾ ತುಂಬೆ ಎಲೆಯ ರಸವನ್ನು ಲೇಪಿಸುವುದು ವಾಡಿಕೆ. ಉಸಿರಾಟದ ತೊಂದರೆ, ಮುಖದ ಊತ, ಮೈಯೆಲ್ಲ ದದ್ದು ಕಂಡುಬಂದರೆ ಅಥವಾ ಹಲವು ನೊಣಗಳು ಒಟ್ಟಿಗೆ ಕುಟುಕಿದ್ದರೆ ತುರ್ತು ಚಿಕಿತ್ಸೆ ಅವಶ್ಯ.

ಚೇಳು

ಉತ್ತರಾಣಿ ಬೇರು ಅಥವಾ ಹುಣಸೆ ಬೀಜವನ್ನು ತೇಯ್ದು ಹಚ್ಚುವ ಪದ್ಧತಿಯಿದೆ. ಸಾಮಾನ್ಯ ಚೇಳಿನ ನೋವು ತಾನಾಗಿಯೇ ಇಳಿಯುತ್ತದೆ. ಆದರೆ ಕೆಂಪು ಚೇಳಿನ ವಿಷವು ಹೃದಯವನ್ನು ಬಾಧಿಸುತ್ತದೆ. ವಿಪರೀತ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಇದರ ಲಕ್ಷಣಗಳು. ಇದಕ್ಕೆ ವೈದ್ಯರು ಪ್ರಜೋಸಿನ್ ಔಷಧಿ ನೀಡುತ್ತಾರೆ. ಮಕ್ಕಳಿಗೆ ಚೇಳು ಕುಟುಕಿದರೆ ಲಕ್ಷಣಗಳಿಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಹಾವು

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲಗಳ ವಿಷಕ್ಕೆ ಪ್ರತಿವಿಷ ಚುಚ್ಚುಮದ್ದೊಂದೇ ಮದ್ದು. ಮೂಲಿಕೆಯಿಂದ ವಿಷ ಇಳಿಯಿತೆಂಬ ನಂಬಿಕೆಗೆ ಕಾರಣವಿದೆ: ಕಚ್ಚುವ ಹಾವುಗಳಲ್ಲಿ ಅನೇಕವು ವಿಷರಹಿತ, ವಿಷದ ಹಾವೂ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಮದ್ದಿಲ್ಲದೆಯೂ ಬದುಕುತ್ತಾರೆ. ಕೀರ್ತಿ ಮಾತ್ರ ಬೇರಿಗೆ ಸಲ್ಲುತ್ತದೆ.

ಈಶ್ವರಿ ಬೇರಿನಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡಕ್ಕೆ ಹಾನಿಕರ ಹಾಗೂ ಕ್ಯಾನ್ಸರ್‌ಕಾರಕ. ಸರ್ಪಗಂಧವು ರಕ್ತದೊತ್ತಡವನ್ನು ಇಳಿಸುತ್ತದೆ. ಇವುಗಳನ್ನು ಸೇವಿಸಬಾರದು. ಬೇವಿನ ಸೊಪ್ಪು ತಿನ್ನಿಸಿ, ಕಹಿ ತಿಳಿದರೆ ವಿಷವಿಲ್ಲವೆಂದು ನಿರ್ಧರಿಸುವುದೂ ತಪ್ಪು. ಕಟ್ಟುಹಾವಿನ ಕಡಿತದಲ್ಲಿ ನೋವು, ಊತ ಕಾಣದಿದ್ದರೂ ಕೆಲವು ಗಂಟೆಗಳಲ್ಲಿ ಕಣ್ಣಿನ ರೆಪ್ಪೆ ಜೋತು, ಉಸಿರು ನಿಲ್ಲಬಹುದು.

ಪ್ರಥಮ ಚಿಕಿತ್ಸೆ

• ಧೈರ್ಯ ಹೇಳಿ, ನಡೆದಾಡಿಸದೆ ಮಲಗಿಸುವುದು.
• ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯುವುದು.
• ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ದಬ್ಬೆ ಕಟ್ಟುವುದು.
• ಗಾಯ ಕೊಯ್ಯುವುದು, ಚೀಪುವುದು, ಹಗ್ಗ ಬಿಗಿಯುವುದು ಸಲ್ಲದು.
• 108ಕ್ಕೆ ಕರೆ ಮಾಡಿ, ಪ್ರತಿವಿಷ ಲಭ್ಯವಿರುವ ಆಸ್ಪತ್ರೆಗೆ ತಡಮಾಡದೆ ಸಾಗಿಸುವುದು.

ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವಾಗಿದೆ. ಸಮೀಪದಲ್ಲಿ ಪ್ರತಿವಿಷ ದೊರೆಯುವ ಆಸ್ಪತ್ರೆ ಯಾವುದೆಂದು ವಿಸ್ತರಣಾ ಕಾರ್ಯಕರ್ತರು ಮುಂಗಾರಿಗೆ ಮುನ್ನವೇ ರೈತರಿಗೆ ತಿಳಿಸಿರುವುದು ಒಳಿತು.