ಅರ್ಧ ಟನ್ ಪಿಕಪ್‌ನ ನೂರು ವರ್ಷ

1925ರ ಏಪ್ರಿಲ್‌ನಲ್ಲಿ ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿನ ಹಿಂಭಾಗಕ್ಕೆ ಉಕ್ಕಿನ ತೊಟ್ಟಿ ಕೂರಿಸಿ 281 ಡಾಲರ್‌ಗೆ ಮಾರಾಟಕ್ಕಿಟ್ಟಿತು. ಅಮೆರಿಕದ ಪಿಕಪ್ ಟ್ರಕ್ಕಿನ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಹೇಳುತ್ತಾರೆ. ಅದಕ್ಕೆ ಮುಂಚೆ ಬಹುಪಾಲು ರೈತರು ಬರೀ ಚಾಸಿ ಕೊಂಡು, ಬಡಗಿಯಿಂದಲೋ ಬಾಡಿ ಕಟ್ಟುವವರಿಂದಲೋ ಪೆಟ್ಟಿಗೆ ಮಾಡಿಸಿಕೊಳ್ಳುತ್ತಿದ್ದರು. 1917ರಲ್ಲಿ ಬಂದ ಫೋರ್ಡ್‌ನ ಒಂದು ಟನ್ ಮಾಡೆಲ್ ಟಿಟಿ ಕೂಡ ಮೊದಲು ಮಾರಾಟವಾದದ್ದು ಹೀಗೆಯೇ. 1925ರ ಗಾಡಿಯಲ್ಲಿ ಹೇಳಿಕೊಳ್ಳುವಂಥ ವಿಶೇಷಗಳು ಹೆಚ್ಚಿರಲಿಲ್ಲ: ಗೂಟ ಸಿಕ್ಕಿಸಲು ತೊಟ್ಟಿಯ ಅಂಚಿನಲ್ಲಿ ನಾಲ್ಕು ಕುಳಿ, ಕೆಳಕ್ಕೆ ಇಳಿಸಬಹುದಾದ ಹಿಂಬಾಗಿಲು, ಭಾರ ತಡೆಯುವ ಹಿಂದಿನ ಸ್ಪ್ರಿಂಗ್. ಮೊದಲ ವರ್ಷ ಸುಮಾರು 34,000 ಗಾಡಿ ತಯಾರಾದವು.

ಷೆವರ್ಲೆ 1918ರಲ್ಲೇ ಟ್ರಕ್ ಚಾಸಿ ಮಾರತೊಡಗಿತ್ತು. ಡಾಡ್ಜ್ ಸಹೋದರರ ಗಾಡಿಗಳು ಮೊದಲ ಮಹಾಯುದ್ಧದಲ್ಲಿ ಸೈನ್ಯಕ್ಕೆ ದುಡಿದು ಹೆಸರು ಮಾಡಿದ್ದವು. ಟ್ರ್ಯಾಕ್ಟರ್ ಮಾರುತ್ತಿದ್ದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಅದೇ ರೈತನಿಗೆ ಟ್ರಕ್ಕನ್ನೂ ಮಾರುತ್ತಿತ್ತು. ಸ್ಟೂಡಿಬೇಕರ್ ಸಹ ಕಣದಲ್ಲಿತ್ತು. ಇವುಗಳಲ್ಲಿ ಒಂದನ್ನು ಆರಿಸುವಾಗ ಕೇಳುತ್ತಿದ್ದ ಮುಖ್ಯ ಪ್ರಶ್ನೆ ಎಷ್ಟು ಭಾರ ಹೊರುತ್ತದೆ ಎಂಬುದು. ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂಬ ವರ್ಗಗಳು ಹುಟ್ಟಿದ್ದು ಆ ಪ್ರಶ್ನೆಯಿಂದಲೇ. 1948ರಲ್ಲಿ ಫೋರ್ಡ್ ಹೊರತಂದ ಎಫ್ ಸರಣಿಯೂ ಇದೇ ಏಣಿಯ ಮೇಲೆ ನಿಂತಿತು. ಎಫ್-1 ಅಂದರೆ ಅರ್ಧ ಟನ್ ಗಾಡಿ, ಎಫ್-8 ದೊಡ್ಡ ಲಾರಿ. ಇಂದಿನ ‘ಅರ್ಧ ಟನ್’ ಪಿಕಪ್‌ಗಳಲ್ಲಿ ಕೆಲವು ಒಂದು ಟನ್ನಿಗೂ ಹೆಚ್ಚು ಹೊರುತ್ತವೆ, ಆದರೂ ಹಳೆಯ ಹೆಸರು ಹೋಗಿಲ್ಲ. ಅಳತೆಗಳು ಹೊಲ, ಕಟ್ಟಡದ ಕೆಲಸದಿಂದ ಬಂದವು. ಕೊಳ್ಳುವ ಕಾರಣಗಳು ಮಾತ್ರ ಕ್ರಮೇಣ ಮನೆಯೊಳಗಿನವಾದವು.

ಈ ಬದಲಾವಣೆ ಮೊದಲು ಕಾಣಿಸಿದ್ದು ಕ್ಯಾಬಿನ್‌ನಲ್ಲಿ. ಮೂವರು ಒತ್ತಿಕೊಂಡು ಕೂರುವ ಒಂದೇ ಸಾಲಿನ ಸೀಟಿನ ಹಿಂದೆ ಎರಡನೆಯ ಸಾಲನ್ನು 1957ರಲ್ಲಿ ಇಂಟರ್‌ನ್ಯಾಷನಲ್‌ನ ಟ್ರಾವೆಲೆಟ್ ತಂದಿತು. ಮೊದಲ ಟ್ರಾವೆಲೆಟ್‌ಗೆ ಬಾಗಿಲು ಮೂರೇ. ರೈಲ್ವೆ, ವಿದ್ಯುತ್ ಮಾರ್ಗದ ಕೆಲಸಗಾರರಂಥ ತಂಡಗಳಿಗೆ ಒಗ್ಗುವ ಗಾಡಿ ಅದು. 1973ರಲ್ಲಿ ಡಾಡ್ಜ್, 1974ರಲ್ಲಿ ಫೋರ್ಡ್ ಸೀಟಿನ ಹಿಂದೆ ಒಂದಿಷ್ಟು ಜಾಗ ಬಿಟ್ಟು ಉದ್ದ ಕ್ಯಾಬಿನ್ ಮಾಡಿದವು. 2001ರ ಮಾದರಿಯ ಎಫ್-150 ಸೂಪರ್‌ಕ್ರೂ ಅರ್ಧ ಟನ್ ವರ್ಗಕ್ಕೆ ನಾಲ್ಕು ಪೂರ್ಣ ಬಾಗಿಲು ಕೊಟ್ಟಿತು. ಹೀಗೆ ಬೆಳೆದ ಕ್ಯಾಬಿನ್‌ಗೆ ಜಾಗ ತೆತ್ತದ್ದು ತೊಟ್ಟಿ. ಹಿಂದೆ ತೊಟ್ಟಿಯ ವಾಡಿಕೆಯ ಉದ್ದ 8 ಅಡಿ. 8×4 ಅಡಿಯ ಪ್ಲೈವುಡ್ ಶೀಟನ್ನು ಚಪ್ಪಟೆಯಾಗಿ ಮಲಗಿಸಿ ಹಿಂಬಾಗಿಲು ಹಾಕಲು ಅದು ಸರಿಯಾಗಿತ್ತು. ಸೂಪರ್‌ಕ್ರೂಗೆ ಉಳಿದದ್ದು ಐದೂವರೆ ಅಡಿ. ಅದೇ ವರ್ಷ ಟೆಕ್ಸಸ್‌ನ ಪ್ರಸಿದ್ಧ ದನದ ರಾಂಚ್ ಒಂದರ ಹೆಸರಿನಲ್ಲಿ ‘ಕಿಂಗ್ ರಾಂಚ್’ ಆವೃತ್ತಿಯೂ ಬಂತು. ಅದರಲ್ಲಿ ರಾಂಚಿನ ಗುರುತಾಗಿ ಎದ್ದು ಕಾಣುತ್ತಿದ್ದುದು ಸೀಟಿನ ಚರ್ಮ.

ಪೈಪೋಟಿ ಡೆಟ್ರಾಯಿಟ್‌ನ ಮೂರು ಮನೆಗಳಾದ ಫೋರ್ಡ್, ಷೆವರ್ಲೆ, ಡಾಡ್ಜ್ ನಡುವೆಯೇ ಉಳಿದದ್ದರ ಹಿಂದೆ ಕೋಳಿಮಾಂಸದ ಜಗಳವೊಂದಿದೆ. 1960ರ ದಶಕದ ಆರಂಭದಲ್ಲಿ ಯುರೋಪಿನ ಸಾಮಾನ್ಯ ಮಾರುಕಟ್ಟೆ ಅಮೆರಿಕದ ಕೋಳಿಯ ಮೇಲೆ ಸುಂಕ ಏರಿಸಿತು. ಪ್ರತೀಕಾರವಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರ್‌ನಲ್ಲಿ ಬ್ರಾಂದಿ, ಆಲೂಗೆಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್ ಮತ್ತು ಲಘು ಟ್ರಕ್‌ಗಳ ಆಮದಿಗೆ ಶೇ 25 ಸುಂಕ ವಿಧಿಸಿದರು. ಗುರಿ ಇದ್ದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ಮೇಲೆ. ಉಳಿದ ಸರಕುಗಳ ಸುಂಕ ಮುಂದೆ ಹೋಯಿತು, ಟ್ರಕ್ಕಿನದು ಉಳಿಯಿತು. ಟೊಯೊಟಾ 1990ರ ದಶಕದಲ್ಲಿ ಜಪಾನಿನಿಂದ ತಂದ ಟಿ100 ಈ ಸುಂಕವನ್ನು ಹೊತ್ತೇ ಬಂತು. ಅದರಲ್ಲಿ ಎಂಟು ಸಿಲಿಂಡರ್‌ನ ವಿ8 ಎಂಜಿನ್ ಇರಲಿಲ್ಲ, ಗಾಡಿ ಹೆಚ್ಚು ಮಾರಾಟವಾಗಲಿಲ್ಲ. ಪಾಠ ಕಲಿತ ಕಂಪನಿ ಮುಂದಿನ ಟಂಡ್ರಾವನ್ನು ವಿ8 ಸಮೇತ ಇಂಡಿಯಾನಾದಲ್ಲೇ ಕಟ್ಟಿತು, ಆಮೇಲೆ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊಗೆ ಹೋಯಿತು. ನಿಸಾನ್‌ನ ಟೈಟನ್ 2003ರಿಂದ ಮಿಸಿಸಿಪ್ಪಿಯಲ್ಲಿ ತಯಾರಾಗಿ, 2024ರ ಮಾದರಿಗೆ ಕೊನೆಗೊಂಡಿತು. (ಬಿಡದಿಯಲ್ಲಿ ಜೋಡಿಸುವ ಟೊಯೊಟಾ ಹೈಲಕ್ಸ್ ಕರ್ನಾಟಕದ ರಸ್ತೆಯಲ್ಲಿ ದೈತ್ಯನಂತೆ ಕಾಣುತ್ತದೆ, ಅಮೆರಿಕದ ಲೆಕ್ಕದಲ್ಲಿ ಅದು ಪೂರ್ಣ ಗಾತ್ರದ ಪಿಕಪ್ ಅಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು.)

ಸರ್ಕಾರದ ನಿಯಮ ಇನ್ನೊಂದು ರೀತಿಯಲ್ಲೂ ಆಯ್ಕೆಯನ್ನು ತಿರುಗಿಸಿತು. ಗಾಡಿ, ಜನ, ಸರಕು ಎಲ್ಲ ಸೇರಿದ ಗರಿಷ್ಠ ತೂಕ 6,000 ಪೌಂಡ್, ಅಂದರೆ ಸುಮಾರು 2,720 ಕಿಲೋ ಒಳಗಿದ್ದರೆ 1975ರಿಂದ ಹೊಗೆ ಶುದ್ಧೀಕರಣದ ಕಟ್ಟುನಿಟ್ಟು ಹೆಚ್ಚಿತು. ಸೀಸವಿಲ್ಲದ ಪೆಟ್ರೋಲನ್ನೇ ಹಾಕಬೇಕಾಯಿತು. ಫೋರ್ಡ್ ಆ ಗೆರೆಯನ್ನು ಸ್ವಲ್ಪವೇ ದಾಟುವಂತೆ ಎಫ್-150 ಎಂಬ ಹೊಸ ಮಾದರಿ ಹೊರತಂದಿತು. ಕೆಲವೇ ವರ್ಷಗಳಲ್ಲಿ ನಿಯಮ ಬದಲಾಗಿ ಆ ಅನುಕೂಲ ಹೋಯಿತು, ಹೆಸರು ನಿಂತಿತು. ಅರ್ಧ ಟನ್ನಿನ ಹಳೆಯ ಮಾದರಿ ಎಫ್-100 ಅಮೆರಿಕದಲ್ಲಿ 1983ಕ್ಕೆ ಮುಗಿಯಿತು. 1977ರಿಂದ ಎಫ್ ಸರಣಿ ಆ ದೇಶದ ಅತಿ ಹೆಚ್ಚು ಮಾರಾಟದ ಪಿಕಪ್ ಎನಿಸಿಕೊಂಡಿದೆ. ಜನರಲ್ ಮೋಟರ್ಸ್ ಅಭಿಮಾನಿಗಳು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ. ಷೆವರ್ಲೆ ಮತ್ತು ಜಿಎಂಸಿ ಒಂದೇ ಕಂಪನಿಯ ಎರಡು ಹೆಸರು, ಎರಡನ್ನೂ ಕೂಡಿಸಿ ನೋಡಿ ಎನ್ನುತ್ತಾರೆ. ಕೂಡಿಸಿದಾಗ ಹಲವು ವರ್ಷ ಅವರ ಮಾತು ನಿಜವೂ ಹೌದು.

ಮೂರನೆಯ ಮನೆಯಾದ ಡಾಡ್ಜ್‌ನ ಸ್ಥಿತಿ 1990ರ ಹೊತ್ತಿಗೆ ಸೊರಗಿತ್ತು. 1972ರ ಬಾಡಿಯನ್ನೇ ತಿದ್ದಿ ತೀಡಿ 1993ರವರೆಗೂ ಮಾರುತ್ತಿದ್ದರು. 1989ರಲ್ಲಿ ಸೇರಿಸಿದ ಕಮ್ಮಿನ್ಸ್ ಡೀಸೆಲ್ ಎಂಜಿನ್ ಇಲ್ಲದಿದ್ದರೆ ಕೇಳುವವರೇ ಇರುತ್ತಿರಲಿಲ್ಲವೇನೋ. 1994ರ ಹೊಸ ರ‍್ಯಾಮ್ ಎಲ್ಲವನ್ನೂ ಬದಲಿಸಿತು. ಉದ್ದ ದಾರಿಯ ದೊಡ್ಡ ಲಾರಿಗಳಂತೆ ಬಾನೆಟ್ ಎತ್ತರ, ಚಕ್ರದ ಮೇಲಿನ ಮಡ್‌ಗಾರ್ಡ್ ತಗ್ಗು. ಮಾರುಕಟ್ಟೆಗೆ ಬಿಡುವ ಮುನ್ನ ಜನಕ್ಕೆ ತೋರಿಸಿದಾಗ ಬಹುಪಾಲು ಮಂದಿಗೆ ಅದು ಹಿಡಿಸಲಿಲ್ಲ, ಮೆಚ್ಚಿದ ಕೆಲವರು ಮಾತ್ರ ಅತಿಯಾಗಿ ಮೆಚ್ಚಿದರು ಎಂದು ಆಗ ಡಾಡ್ಜ್‌ನ ಮಾತೃಸಂಸ್ಥೆ ಕ್ರೈಸ್ಲರ್‌ನಲ್ಲಿದ್ದ ಬಾಬ್ ಲಟ್ಜ್ ಮುಂದೆ ವಿವರಿಸಿದ್ದಾರೆ. ಮಾರುಕಟ್ಟೆಯ ಸಣ್ಣ ಪಾಲಷ್ಟೇ ಕೈಯಲ್ಲಿದ್ದ ಕಂಪನಿಗೆ ಆ ಕೆಲವರೇ ಸಾಕಾದರು. ವರ್ಷಕ್ಕೆ ಒಂದು ಲಕ್ಷ ಮುಟ್ಟದಿದ್ದ ಮಾರಾಟ ಕೆಲವೇ ವರ್ಷಗಳಲ್ಲಿ ಮೂರು ಲಕ್ಷ ದಾಟಿತು. ಸೀಟಿನ ನಡುವೆ ಮಡಚುವ ಪೆಟ್ಟಿಗೆಯೊಂದಿತ್ತು. ಗುತ್ತಿಗೆದಾರ ತನ್ನ ಲ್ಯಾಪ್‌ಟಾಪ್, ಕಾಗದಪತ್ರ ಇಟ್ಟುಕೊಳ್ಳಲೆಂದು ಮಾಡಿದ್ದು. 2019ರಲ್ಲಿ ರ‍್ಯಾಮ್ ಷೆವರ್ಲೆಯ ಸಿಲ್ವೆರಾಡೊವನ್ನೂ ಹಿಂದಿಕ್ಕಿ ಎರಡನೆಯ ಸ್ಥಾನಕ್ಕೆ ಏರಿತು.

ಮೂರೂ ಗಾಡಿಗಳು ಹತ್ತಿರ ಹತ್ತಿರ ಬಂದಂತೆ ಜಾಹೀರಾತಿನಲ್ಲಿ ಅಂಕಿಗಳ ಜಗಳ ಜೋರಾಯಿತು. ಎಷ್ಟು ಭಾರದ ಟ್ರೇಲರ್ ಎಳೆಯುತ್ತದೆ ಎಂಬುದನ್ನು ಬಹುಕಾಲ ಆಯಾ ಕಂಪನಿಯೇ ತನ್ನದೇ ಪರೀಕ್ಷೆಯಿಂದ ನಿಗದಿ ಮಾಡುತ್ತಿತ್ತು. 2008ರಲ್ಲಿ ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ ಇದಕ್ಕೊಂದು ಸಮಾನ ವಿಧಾನ ರೂಪಿಸಿತು. ಆರಿಜೋನಾದ ಡೇವಿಸ್ ಡ್ಯಾಮ್ ಬಳಿ ಸುಮಾರು 18 ಕಿಲೋಮೀಟರ್ ಉದ್ದದ ಏರುದಾರಿಯಿದೆ. ಅದನ್ನು 38 ಡಿಗ್ರಿ ಸೆಲ್ಸಿಯಸ್ ಸೆಕೆಯಲ್ಲಿ, ಏಸಿ ಪೂರ್ತಿ ಹಾಕಿಕೊಂಡು, ಟ್ರೇಲರ್ ಸಮೇತ ಗಂಟೆಗೆ ಸುಮಾರು 64 ಕಿಲೋಮೀಟರ್‌ಗಿಂತ ಕೆಳಗಿಳಿಯದೆ ಹತ್ತಬೇಕು. ಮೊದಲು ಒಪ್ಪಿಕೊಂಡದ್ದು ಟೊಯೊಟಾ, ಅದರಿಂದಾಗಿ ಟಂಡ್ರಾದ ಅಂಕಿಗಳು ಕಾಗದದ ಮೇಲೆ ಇಳಿದವು. ಡೆಟ್ರಾಯಿಟ್‌ನ ಮೂವರೂ ‘ನೀನು ಮೊದಲು’ ಎಂದು ಒಬ್ಬರನ್ನೊಬ್ಬರು ನೋಡುತ್ತಾ 2015ರ ಆಸುಪಾಸಿನವರೆಗೆ ಕಾಲ ತಳ್ಳಿದರು.

2015ರ ಎಫ್-150ರ ಬಾಡಿಯನ್ನು ಫೋರ್ಡ್ ಉಕ್ಕಿನ ಬದಲು ಅಲ್ಯೂಮಿನಿಯಂನಲ್ಲಿ ಮಾಡಿ, ತೂಕವನ್ನು 700 ಪೌಂಡ್‌ವರೆಗೆ ಇಳಿಸಿರುವುದಾಗಿ ಹೇಳಿತು. ಮರುವರ್ಷ ಷೆವರ್ಲೆ ಜಾಹೀರಾತಿನಲ್ಲಿ ಎರಡೂ ಗಾಡಿಗಳ ತೊಟ್ಟಿಗೆ ಲೋಡರ್‌ನಿಂದ ಕಾಂಕ್ರೀಟ್ ಇಟ್ಟಿಗೆಗಳನ್ನು ಸುರಿಸಿತು. ಉಕ್ಕು ನೆಗ್ಗಿತು, ಅಲ್ಯೂಮಿನಿಯಂ ತೂತಾಯಿತು. ಆದರೆ 2019ರ ಮಾದರಿಯ ಸಿಲ್ವೆರಾಡೊದ ಬಾಗಿಲು, ಬಾನೆಟ್, ಹಿಂಬಾಗಿಲುಗಳು ಅಲ್ಯೂಮಿನಿಯಂನವೇ. ತೊಟ್ಟಿ ಮಾತ್ರ ಉಕ್ಕಿನದು.

ಇಷ್ಟೆಲ್ಲ ಗದ್ದಲದ ನಡುವೆ ಹೆಚ್ಚು ಉಪಯೋಗದ ಅಂಕಿ ಇರುವುದು ಡ್ರೈವರ್ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ. ಆ ನಿರ್ದಿಷ್ಟ ಗಾಡಿಯಲ್ಲಿ ಜನ ಮತ್ತು ಸರಕು ಸೇರಿ ಎಷ್ಟು ತೂಕ ಮೀರಬಾರದು ಎಂಬುದು ಅಲ್ಲಿ ಬರೆದಿರುತ್ತದೆ. ನಾಲ್ಕು ಬಾಗಿಲು, ನಾಲ್ಕು ಚಕ್ರಕ್ಕೂ ಶಕ್ತಿ, ಗಾಜಿನ ಚಾವಣಿ, ದಪ್ಪ ಸೀಟು ಎಂದು ಸೇರಿಸುತ್ತಾ ಹೋದಂತೆ ಆ ಅಂಕಿ ಇಳಿಯುತ್ತದೆ. ಹಾಗಾಗಿ ಒಂದೇ ಮಾದರಿಯ ಅತಿ ದುಬಾರಿ ಗಾಡಿ ಕೆಲಸಗಾರನ ಸಾದಾ ಗಾಡಿಗಿಂತ ಕಡಿಮೆ ಹೊರುವುದು ಮಾಮೂಲು. ಶೋರೂಮಿನಲ್ಲಿ ಆ ಚೀಟಿ ಓದುವವರು ಟ್ರೇಲರ್ ಇಟ್ಟುಕೊಂಡವರೇ ಹೊರತು ಬೇರೆಯವರು ಕಡಿಮೆ.

2025ರ ಮಾದರಿಯ ರ‍್ಯಾಮ್ 1500ರಿಂದ 5.7 ಲೀಟರ್‌ನ ಹೆಮಿ ವಿ8 ಎಂಜಿನ್ ತೆಗೆದು, ಅದರ ಜಾಗಕ್ಕೆ ಟರ್ಬೊ ಕೂರಿಸಿದ ಆರು ಸಿಲಿಂಡರ್‌ನ ಎಂಜಿನ್ ಇಟ್ಟರು. ಹೊಸದರ ಶಕ್ತಿ 420 ಅಶ್ವಶಕ್ತಿ, ಹಳೆಯದರದು 395. ಗಿರಾಕಿಗಳು ಮುನಿಸಿಕೊಂಡರು, ಅವರಿಗೆ ಬೇಕಿದ್ದುದು ವಿ8ರ ಸದ್ದು. ಕೊನೆಗೆ ಕಂಪನಿ ತಪ್ಪೊಪ್ಪಿಕೊಂಡು 2026ರ ಮಾದರಿಗೆ ಹೆಮಿಯನ್ನು ವಾಪಸು ತಂದಿತು.